ಮಣ್ಣಿನ ಮನೆಗೆ ಮೊದಲು ನೀರಿನ ದಾರಿ

ಕೊಡಗಿನಲ್ಲಿ ಕೈಗೆಟುಕುವ ಸಾಮಗ್ರಿಗಳಿಂದ ಕಡಿಮೆ ಖರ್ಚಿನಲ್ಲಿ ಮನೆ ಕಟ್ಟುವ ಬಗ್ಗೆ ಓದುಗರಿಂದ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಮಳೆಯ ಭಯದಿಂದಲೇ ಆರಂಭವಾಗುತ್ತವೆ, ಮತ್ತು ಆ ಭಯ ಸರಿಯಾದದ್ದೇ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಣ್ಣಿನ ಮನೆ ಬಯಲುಸೀಮೆಗೆ ಸರಿ, ನಮ್ಮ ಕಡೆ ಎರಡು ಮಳೆಗಾಲಕ್ಕೆ ಕರಗಿ ಹೋಗುತ್ತದೆ ಎಂದು ನಮ್ಮ ಮೇಸ್ತ್ರಿ ಹೇಳುತ್ತಾರೆ. ಇದು ನಿಜವೇ?
— ಕೃಷಿಕರೊಬ್ಬರು, ಭಾಗಮಂಡಲ

ಉತ್ತರ: ನಿಮ್ಮ ಮೇಸ್ತ್ರಿಯವರ ಮಾತನ್ನು ತಳ್ಳಿಹಾಕುವಂತಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಿಮ್ಮ ಭಾಗಮಂಡಲದಲ್ಲಿ ಅದಕ್ಕಿಂತಲೂ ಹೆಚ್ಚು. ಬರಿಯ ಮಣ್ಣಿನ ಗೋಡೆಯನ್ನು ಆ ಮಳೆಗೆ ನೇರವಾಗಿ ಒಡ್ಡಿದರೆ ಕಕ್ಕಡ ತಿಂಗಳು (ಜುಲೈ–ಆಗಸ್ಟ್) ಮುಗಿಯುವುದರೊಳಗೆ ಅದು ಜರಿಯುವುದು ಖಂಡಿತ. ಆದರೆ ಇದೇ ಮಳೆಯಲ್ಲಿ, ಇದೇ ನಾಡಿನಲ್ಲಿ, ನೂರು ವರ್ಷ ದಾಟಿದ, ಕೊಡಗಿನ ಮನೆತನಗಳ ಮೂಲಮನೆಗಳಾದ ಐನ್‌ಮನೆಗಳು ಮಣ್ಣಿನ ಗೋಡೆಯೊಂದಿಗೆ ಇಂದಿಗೂ ನಿಂತಿವೆ. ಮುಂದಿನ ಬಾರಿ ಹಬ್ಬಕ್ಕೆ ಐನ್‌ಮನೆಗೆ ಹೋದಾಗ ಕಯ್ಯಾಲೆಯ (ಮುಂಜಗಲಿಯ) ಐಮರದ ಹಲಗೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ಸೂರಿನ ಕಡೆಗೆ ನೋಡಿ. ಮಾಡು, ಅಂದರೆ ಛಾವಣಿ, ಗೋಡೆಯ ಅಂಚಿಗೇ ನಿಲ್ಲದೆ ಕಯ್ಯಾಲೆಯನ್ನು ದಾಟಿ ಹೊರಗೆ ಇಳಿದಿರುತ್ತದೆ. ಹೊರಗಿನ ಕಂಬಗಳು ನೆನೆದರೂ ಒಳಗಿನ ಗೋಡೆಗೆ ಎರಚಲು ತಲುಪುವುದಿಲ್ಲ. ಆಮೇಲೆ ಕೆಳಗೆ ನೋಡಿ. ಅಂಗಳದಿಂದ ಮೆಟ್ಟಿಲು ಹತ್ತಿಯೇ ಮನೆಯೊಳಗೆ ಹೋಗಬೇಕು, ಮತ್ತು ಆ ಎತ್ತರವಿಡೀ ಕಲ್ಲಿನ ಕಟ್ಟಡ. ನಾಟಿಗೆ ಹೋಗುವವರು ಬೆನ್ನಿಗೆ ಗೊರಬೆ ಎಂಬ ಮಳೆಹೊದಿಕೆ ಹಾಕಿಕೊಂಡು ದಿನವಿಡೀ ಮಳೆಯಲ್ಲಿ ನಿಲ್ಲುತ್ತಿದ್ದ ಹಾಗೆ, ಹಿರಿಯರು ಗೋಡೆಗೂ ಗೊರಬೆ ಹೊದಿಸಿದ್ದರು.

ಆದ್ದರಿಂದ ನಿಮ್ಮ ಮನೆಯ ನಕ್ಷೆಯಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಮಾಡು ಮತ್ತು ಪಂಚಾಂಗ, ಅಂದರೆ ಮನೆಯ ಅಡಿಪಾಯ. ಗೋಡೆ ಯಾವುದರದ್ದು ಎಂಬ ಪ್ರಶ್ನೆ ಅನಂತರದ್ದು. ಸೂರು ಎಲ್ಲ ಕಡೆಯೂ ಕನಿಷ್ಠ ಮೂರಡಿ ಹೊರಗೆ ಬರಲಿ. ಮಳೆ ಬೀಸಿ ಹೊಡೆಯುವ ಪಡುವಣ ಮತ್ತು ನೈಋತ್ಯ ದಿಕ್ಕಿನಲ್ಲಿ ಸೂರನ್ನು ಮಾತ್ರ ನೆಚ್ಚಿಕೊಳ್ಳದೆ, ಜಗಲಿಯನ್ನೋ ಸೌದೆ ಕೊಟ್ಟಿಗೆಯನ್ನೋ ಸ್ನಾನದ ಮನೆಯನ್ನೋ ಆ ಗೋಡೆಗೆ ಅಡ್ಡವಾಗಿ ತನ್ನಿ. ಪಂಚಾಂಗದ ಕಲ್ಲು ಕಟ್ಟಡ ನೆಲದಿಂದ ಎರಡಡಿಯಾದರೂ ಮೇಲೇಳಲಿ, ಏಕೆಂದರೆ ಸೂರಿನಿಂದ ಬಿದ್ದ ಹನಿ ನೆಲಕ್ಕೆ ಬಡಿದು ಒಂದೂವರೆ ಅಡಿಯವರೆಗೆ ಕೆಸರು ಚಿಮ್ಮಿಸುತ್ತದೆ. ತೋಟದ ಕಾರ್ಮಿಕರ ಹಳೆಯ ಲೈನ್ ಮನೆಗಳ ಗೋಡೆಯ ಬುಡದಲ್ಲಿ ಕಾಣುವ ಕೆಂಪು ಪಟ್ಟಿ ಇದರಿಂದಲೇ ಆದದ್ದು, ಮತ್ತು ಗೋಡೆ ಕೊರೆಯಲು ಆರಂಭವಾಗುವುದೂ ಆ ಪಟ್ಟಿಯಿಂದಲೇ. ಹನಿ ಬೀಳುವ ಗೆರೆಯ ಉದ್ದಕ್ಕೂ ಜಲ್ಲಿ ಹಾಸಿ, ಅದರ ಪಕ್ಕದಲ್ಲಿ ನೀರು ನಿಲ್ಲದೆ ಓಡುವಂತೆ ಚರಂಡಿ ಮಾಡಿದರೆ ಅರ್ಧ ತೊಂದರೆ ಅಲ್ಲಿಗೇ ನೀಗುತ್ತದೆ.

ಇಷ್ಟಾದ ಮೇಲೂ ನಿಮ್ಮ ಕಡೆ ಹೊರಗೋಡೆಗೆ ಬರಿಯ ಮಣ್ಣಿನ ಹಸಿ ಇಟ್ಟಿಗೆಯನ್ನು ನಾನು ಸಲಹೆ ಮಾಡುವುದಿಲ್ಲ. ಮಣ್ಣಿಗೆ ಸ್ವಲ್ಪ ಸಿಮೆಂಟು ಸೇರಿಸಿ ಯಂತ್ರದಲ್ಲಿ ಒತ್ತಿದ, ಸುಡದೆ ತಯಾರಾಗುವ ಮಣ್ಣಿನ ಇಟ್ಟಿಗೆ ಅಲ್ಲಿಗೆ ಸೂಕ್ತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ನಮ್ಮ ರಾಜ್ಯದಲ್ಲಿ ಈ ಇಟ್ಟಿಗೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದೆ. ಕೈಯಿಂದ ಒತ್ತುವ ಯಂತ್ರವನ್ನೂ ರೂಪಿಸಿದೆ. ಇಂಥ ಇಟ್ಟಿಗೆಗೆ ಐಎಸ್ 1725 ಎಂಬ ಭಾರತೀಯ ಮಾನಕವೂ ಇದೆ. ನಿಮ್ಮ ಎಂಜಿನಿಯರ್ ಹಿಂಜರಿದರೆ ಆ ಸಂಖ್ಯೆಯನ್ನು ಅವರಿಗೆ ಹೇಳಿ.

ಪ್ರಶ್ನೆ: ನಮ್ಮ ತೋಟದ ಮಣ್ಣು ಇಟ್ಟಿಗೆಗೆ ಆಗುತ್ತದೆಯೇ ಎಂದು ಮನೆಯಲ್ಲೇ ತಿಳಿಯುವ ಉಪಾಯವಿದೆಯೇ?
— ಗೃಹಿಣಿಯೊಬ್ಬರು, ಸಿದ್ದಾಪುರ

ಉತ್ತರ: ಇದೆ. ಅದಕ್ಕೆ ಬೇಕಾದದ್ದು ಒಂದು ಗಾಜಿನ ಬಾಟಲಿ, ಒಂದು ಮರದ ಪೆಟ್ಟಿಗೆ ಮತ್ತು ಒಂದು ವಾರದ ತಾಳ್ಮೆ.

ಮೊದಲು ಮಣ್ಣನ್ನು ಎಲ್ಲಿಂದ ತೆಗೆಯಬೇಕು ಎಂಬುದನ್ನು ಹೇಳುತ್ತೇನೆ. ತೋಟದ ಮೇಲ್ಮಣ್ಣು, ಅಂದರೆ ತರಗೆಲೆ ಕೊಳೆತು ಕಪ್ಪಾದ ಪದರ, ಇಟ್ಟಿಗೆಗೆ ಬೇಡ. ಅದರಲ್ಲಿರುವ ಸಾವಯವ ಅಂಶ ಸಿಮೆಂಟು ಗಟ್ಟಿಯಾಗಲು ಬಿಡುವುದಿಲ್ಲ, ಮೇಲಾಗಿ ಅದು ಕಾಫಿ ಗಿಡದ ಆಹಾರ. ಆ ಪದರವನ್ನು ಬೇರೆಯಾಗಿ ಎತ್ತಿಟ್ಟು ತೋಟಕ್ಕೇ ಹಿಂದಿರುಗಿಸಿ. ಅದರ ಕೆಳಗೆ ಸಿಗುವ ಕೆಂಪು ಮಣ್ಣು ನಮಗೆ ಬೇಕಾದದ್ದು. ಗದ್ದೆಯ ಕರಿ ಜೇಡಿ ಒಣಗಿದಾಗ ವಿಪರೀತ ಕುಗ್ಗಿ ಬಿರುಕು ಬಿಡುವುದರಿಂದ ಅದನ್ನು ಮುಟ್ಟಬೇಡಿ.

ನೇರವಾದ ಅಂಚಿರುವ ಗಾಜಿನ ಬಾಟಲಿಯ ಮೂರನೆಯ ಒಂದು ಭಾಗಕ್ಕೆ ಕಲ್ಲು ಆರಿಸಿದ ಮಣ್ಣು ಹಾಕಿ, ಉಳಿದದ್ದಕ್ಕೆ ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿರಿ. ಒಂದು ಗಂಟೆ ಬಿಟ್ಟು ಮತ್ತೊಮ್ಮೆ ಕುಲುಕಿ, ಯಾರೂ ಅಲುಗಾಡಿಸದ ಕಿಟಕಿಯ ದಂಡೆಯ ಮೇಲೆ ಇಡಿ. ಮೊದಲ ಒಂದು ನಿಮಿಷದಲ್ಲಿ ತಳಕ್ಕೆ ಇಳಿದದ್ದು ಮರಳು. ಅದರ ಎತ್ತರಕ್ಕೆ ಬಾಟಲಿಯ ಮೇಲೆ ಗೆರೆ ಎಳೆಯಿರಿ. ಮುಂದಿನ ಒಂದೆರಡು ಗಂಟೆಯಲ್ಲಿ ಹಿಟ್ಟಿನಂತೆ ನುಣುಪಾದ ಹೂಳು ಕೂರುತ್ತದೆ. ನೀರು ಆಗಲೂ ಚಹಾದ ಬಣ್ಣದಲ್ಲೇ ಇದ್ದರೆ ಗಾಬರಿಯಾಗಬೇಡಿ, ಜೇಡಿ ಇಳಿಯಲು ಒಂದು ದಿನ, ಕೆಲವೊಮ್ಮೆ ಎರಡು ದಿನ ಹಿಡಿಯುತ್ತದೆ. ಮರುದಿನ ಬೆಳಕಿಗೆ ಹಿಡಿದರೆ ಮೂರು ಪದರಗಳು ಬೇರೆ ಬೇರೆಯಾಗಿ ಕಾಣುತ್ತವೆ. ಜೇಡಿ ನೀರು ಕುಡಿದು ಉಬ್ಬಿರುತ್ತದೆಯಾದ್ದರಿಂದ ಮೇಲಿನ ಪದರ ಇರುವುದಕ್ಕಿಂತ ದಪ್ಪವಾಗಿ ತೋರುತ್ತದೆ ಎಂಬುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಸಿಮೆಂಟು ಸೇರಿಸುವ ಇಟ್ಟಿಗೆಗೆ ಜೇಡಿ ನೂರಕ್ಕೆ 10ರಿಂದ 15ರಷ್ಟು, ಮರಳಿನ ಅಂಶ 65ರಷ್ಟು ಅಥವಾ ಅದಕ್ಕಿಂತ ಹೆಚ್ಚು ಇರುವುದು ಒಳ್ಳೆಯದು. ನಮ್ಮ ಕೆಂಪು ಮಣ್ಣಿನಲ್ಲಿ ಅನೇಕ ಕಡೆ ಜೇಡಿ ಇದಕ್ಕಿಂತ ಹೆಚ್ಚಿರುತ್ತದೆ. ನಿಮ್ಮ ಮಣ್ಣಿನಲ್ಲಿ ಜೇಡಿ ನೂರಕ್ಕೆ 30ರಷ್ಟಿದೆ ಎಂದುಕೊಳ್ಳಿ. ಅಷ್ಟೇ ಪ್ರಮಾಣದ ಮರಳು ಅಥವಾ ಜಲ್ಲಿ ಕ್ರಷರಿನ ಪುಡಿಯನ್ನು ಬೆರೆಸಿದರೆ ಅದು 15ಕ್ಕೆ ಇಳಿಯುತ್ತದೆ. ಸಿಮೆಂಟು ಹೆಚ್ಚು ಹಾಕಿ ಜೇಡಿಯ ದೋಷ ಮುಚ್ಚಲು ಹೋಗುವವರಿದ್ದಾರೆ. ಅದು ದುಬಾರಿಯ ತಪ್ಪು, ಇಟ್ಟಿಗೆ ಹೇಗೂ ಬಿರುಕು ಬಿಡುತ್ತದೆ.

ಬಾಟಲಿ ಹೇಳಿದ್ದನ್ನು ಪೆಟ್ಟಿಗೆಯಿಂದ ಖಚಿತಪಡಿಸಿಕೊಳ್ಳಿ. 60 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲ ಮತ್ತು ಅಷ್ಟೇ ಆಳದ ಮರದ ಪೆಟ್ಟಿಗೆಗೆ ಒಳಗಡೆ ಎಣ್ಣೆ ಸವರಿ, ಕಲಸಿದ ಮಣ್ಣನ್ನು ಒತ್ತಿ ತುಂಬಿ, ನೆರಳಿನಲ್ಲಿ ವಾರ ಒಣಗಿಸಿ. ಒಣಗಿದ ಮಣ್ಣನ್ನು ಒಂದು ತುದಿಗೆ ತಳ್ಳಿದಾಗ ಇನ್ನೊಂದು ತುದಿಯಲ್ಲಿ ಎರಡು ಬೆರಳಿಗಿಂತ ಹೆಚ್ಚು ಜಾಗ ಖಾಲಿ ಉಳಿದರೆ ಮರಳು ಇನ್ನೂ ಬೇಕು.

ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಮುಖ್ಯವಾದದ್ದು. ಬೇರೆ ಬೇರೆ ಪ್ರಮಾಣದಲ್ಲಿ ನಾಲ್ಕಾರು ಮಾದರಿ ಇಟ್ಟಿಗೆಗಳನ್ನು ಒತ್ತಿ, ಮೂರು ವಾರ ನೀರುಣಿಸಿ, ಒಣಗಿಸಿ, ಒಂದು ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ತೆಗೆದು ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಉಜ್ಜಿದಾಗ ಬೆರಳಿಗೆ ಬಣ್ಣ ಮಾತ್ರ ಅಂಟಬೇಕು, ಮಣ್ಣು ಬರಬಾರದು. ಈ ಪರೀಕ್ಷೆಯಲ್ಲಿ ಸೋತ ಇಟ್ಟಿಗೆಯನ್ನು ಯಾವ ಬಣ್ಣವೂ ಯಾವ ಗಾರೆಯೂ ಉಳಿಸಲಾರದು.

ಪ್ರಶ್ನೆ: ಇಳಿಜಾರಿನಲ್ಲಿ ನಮಗೆ ಹತ್ತು ಸೆಂಟ್ಸ್ ಜಾಗವಿದೆ. ಜೆಸಿಬಿಯಿಂದ ಸಮತಟ್ಟು ಮಾಡಿ, ತೆಗೆದ ಮಣ್ಣಿನಲ್ಲೇ ಮನೆ ಕಟ್ಟಿದರೆ ಖರ್ಚು ಉಳಿಯುತ್ತದಲ್ಲವೇ?
— ಶಿಕ್ಷಕಿಯೊಬ್ಬರು, ಮಾದಾಪುರ

ಉತ್ತರ: ತಾಯಿ, ನಿಮ್ಮ ಊರಿನ ಹೆಸರು ನೋಡಿದ ಮೇಲೆ ಈ ಪ್ರಶ್ನೆಗೆ ಹಗುರವಾಗಿ ಉತ್ತರಿಸುವುದು ನನ್ನಿಂದ ಸಾಧ್ಯವಿಲ್ಲ. 2018ರ ಆಗಸ್ಟ್‌ನಲ್ಲಿ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆಗಳಲ್ಲಿ ಬೆಟ್ಟಗಳು ಕುಸಿದು ಏನಾಯಿತು ಎಂಬುದನ್ನು ನೀವೇ ಕಂಡಿದ್ದೀರಿ. ಆ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ವಿಪರೀತ ಮಳೆಯ ಜೊತೆಗೆ, ರಸ್ತೆ ಮತ್ತು ಕಟ್ಟಡಗಳಿಗಾಗಿ ಇಳಿಜಾರನ್ನು ಮನಬಂದಂತೆ ಕಡಿದದ್ದನ್ನು ಕಾರಣವಾಗಿ ಗುರುತಿಸಿತು. ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಜೀವಗಳು ಹೋದವು.

ಬೆಟ್ಟದ ಇಳಿಜಾರು ಎಂದರೆ ಮೇಲಿನ ಮಣ್ಣಿನ ಭಾರವನ್ನು ಕೆಳಗಿನ ಮಣ್ಣು ಹೊತ್ತು ನಿಂತಿರುವ ಸ್ಥಿತಿ. ಬುಡದಲ್ಲಿ ಹತ್ತಡಿ ನೆಟ್ಟಗೆ ಕಡಿದಾಗ ಆ ಆಸರೆಯನ್ನೇ ತೆಗೆದಂತಾಯಿತು. ಬೇಸಿಗೆಯಲ್ಲಿ ಹಾಗೆ ಕಡಿದ ಬರೆ, ಅಂದರೆ ಮಣ್ಣಿನ ನಿಲುಗೋಡೆ, ಗಟ್ಟಿಯಾಗಿ, ಗುದ್ದಲಿಗೂ ಜಗ್ಗದಂತೆ ಕಾಣುತ್ತದೆ. ಮಳೆಗಾಲದ ನಡುವೆ ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿ ನೆಲದಿಂದ ಜಲ ಏಳತೊಡಗಿದ ಮೇಲೆ ಅದೇ ಬರೆಯ ಹಿಡಿತ ಸಡಿಲವಾಗುತ್ತದೆ, ತೂಕ ಹೆಚ್ಚುತ್ತದೆ. ಮನೆಯ ಹಿಂದಿನ ಬರೆ ರಾತ್ರಿಯ ಹೊತ್ತು ಜರಿದು ಅಡುಗೆಮನೆಯೊಳಗೆ ಬರುವುದು ಹೀಗೆ. ಕಡಿದ ಮಣ್ಣನ್ನು ಮುಂದಕ್ಕೆ ತಳ್ಳಿ ಮಾಡಿದ ತುಂಬು ನೆಲವೂ ಅಷ್ಟೇ ಅಪಾಯಕಾರಿ. ಮನೆಯ ಅರ್ಧ ಪಂಚಾಂಗ ಕಡಿದ ಗಟ್ಟಿ ನೆಲದ ಮೇಲೆ, ಉಳಿದರ್ಧ ತುಂಬಿದ ಸಡಿಲ ನೆಲದ ಮೇಲೆ ನಿಂತರೆ ಗೋಡೆ ನಡುವಿನಲ್ಲಿ ಬಾಯಿ ಬಿಡುವುದು ತಪ್ಪುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಮನೆಯನ್ನು ಬೆಟ್ಟಕ್ಕೆ ಅಡ್ಡವಾಗಿ, ಉದ್ದವಾಗಿ, ಕಿರಿದಾದ ಅಗಲದಲ್ಲಿ ಯೋಚಿಸಿ. ಹದಿನಾಲ್ಕು ಅಡಿ ಅಗಲದ ಮನೆಗೆ ಬೇಕಾದ ಕಡಿತ ಮೂವತ್ತು ಅಡಿ ಅಗಲದ ಮನೆಗೆ ಬೇಕಾದುದರ ಅರ್ಧಕ್ಕಿಂತಲೂ ಕಡಿಮೆ. ಕೋಣೆಗಳ ನೆಲ ಒಂದೇ ಮಟ್ಟದಲ್ಲಿರಬೇಕೆಂಬ ಹಟವನ್ನು ಬಿಟ್ಟು, ಜಗಲಿಯಿಂದ ನಡುಮನೆಗೆ ಎರಡು ಮೆಟ್ಟಿಲು, ಅಲ್ಲಿಂದ ಅಡುಗೆಮನೆಗೆ ಮತ್ತೆರಡು ಮೆಟ್ಟಿಲು ಇಟ್ಟರೆ ಬೆಟ್ಟದ ಮೈಯನ್ನು ಹೆಚ್ಚು ನೋಯಿಸಬೇಕಾಗುವುದಿಲ್ಲ. ಮನೆಯ ಹಿಂಗೋಡೆಗೂ ಬರೆಗೂ ನಡುವೆ ಮನುಷ್ಯರು ಓಡಾಡುವಷ್ಟು ಜಾಗ ಮತ್ತು ಚರಂಡಿ ಇರಲೇಬೇಕು. ತಡೆಗೋಡೆ ಕಟ್ಟುವುದಾದರೆ ಅದರಲ್ಲಿ ನೀರು ಹೊರಬರಲು ತೂತುಗಳನ್ನೂ ಅದರ ಹಿಂದೆ ಜಲ್ಲಿಯ ಪದರವನ್ನೂ ಬಿಡಿ. ನೀರಿಗೆ ದಾರಿ ಬಿಡದ ತಡೆಗೋಡೆ ನೀರಿನ ಒತ್ತಡಕ್ಕೇ ಮಗುಚಿಕೊಳ್ಳುತ್ತದೆ. ಮಳೆನೀರನ್ನು ಇಂಗಿಸುವುದು ಒಳ್ಳೆಯ ಕೆಲಸವೇ ಆದರೂ ಮನೆಯ ಮೇಲ್ಭಾಗದ ಇಳಿಜಾರಿನಲ್ಲಿ ಇಂಗುಗುಂಡಿ ತೋಡಬೇಡಿ. ಅಲ್ಲಿನ ನೀರನ್ನು ಇಂಗಗೊಡದೆ, ಕಲ್ಲು ಹಾಸಿದ ಚರಂಡಿಯಲ್ಲಿ ಬಳಸಿ ಕೆಳಗಿನ ತೋಡಿಗೆ ಇಳಿಸುವುದೇ ಕ್ಷೇಮ.

ಇನ್ನೊಂದು ಮಾತನ್ನು ಬೇಸರದಿಂದಲೇ ಹೇಳಬೇಕಾಗಿದೆ. ಮಳೆಗಾಲದಲ್ಲಿ ಹೊಸದಾಗಿ ಜಲ ಏಳುವ, ಮರಗಳು ಬುಡದಿಂದಲೇ ಬಾಗಿರುವ, ನೆಲದಲ್ಲಿ ಬಿಲ್ಲಿನಾಕಾರದ ಬಿರುಕು ಕಾಣಿಸಿಕೊಂಡಿರುವ ಜಾಗ ನಿಮ್ಮದಾಗಿದ್ದರೆ ಅಲ್ಲಿ ಮಣ್ಣಿನ ಮನೆಯೂ ಬೇಡ, ಕಾಂಕ್ರೀಟಿನ ಮನೆಯೂ ಬೇಡ. ದಯವಿಟ್ಟು ಒಂದು ಮಳೆಗಾಲ ಪೂರ್ತಿ ಆ ಜಾಗವನ್ನು ಗಮನಿಸಿ, ಭೂವಿಜ್ಞಾನ ಬಲ್ಲವರೊಬ್ಬರಿಗೆ ತೋರಿಸಿ, ಆಮೇಲೆ ಗುದ್ದಲಿ ಪೂಜೆ ಮಾಡಿ.

ಪ್ರಶ್ನೆ: ನಮ್ಮ ಅಜ್ಜನ ಕಾಲದ ಮಣ್ಣಿನ ಮನೆಗೆ ಐದು ವರ್ಷದ ಹಿಂದೆ ಸಿಮೆಂಟ್ ಗಾರೆ ಮಾಡಿಸಿದೆವು. ಈಗ ಗಾರೆ ಉಬ್ಬಿ ಬರುತ್ತಿದೆ. ಮತ್ತೆ ಗಟ್ಟಿಯಾಗಿ ಸಿಮೆಂಟು ಹಾಕಿಸಬೇಕೇ?
— ನಿವೃತ್ತ ಸೈನಿಕರೊಬ್ಬರು, ವಿರಾಜಪೇಟೆ

ಉತ್ತರ: ಬೇಡ. ನಮ್ಮ ಮನೆಯಲ್ಲೂ ಇದೇ ತಪ್ಪಾಗಿತ್ತು. ಪಡುವಣ ಗೋಡೆಗೆ ನಮ್ಮ ತಂದೆಯವರು ಬಹಳ ಆಸೆಯಿಂದ ಸಿಮೆಂಟು ಬಳಿಸಿದ್ದರು. ನಾಲ್ಕನೆಯ ಮಳೆಗಾಲ ಮುಗಿಯುವಾಗ ಗೋಡೆಯನ್ನು ಬೆರಳಿನಿಂದ ತಟ್ಟಿದರೆ ಡಬ್ಬದಂತೆ ಸದ್ದು ಬರುತ್ತಿತ್ತು. ಒಂದು ದಿನ ಬಾಗಿಲಿನಷ್ಟು ಅಗಲದ ಗಾರೆ ಒಂದೇ ಚಪ್ಪಡಿಯಾಗಿ ಕಳಚಿ ಬಿತ್ತು. ಹಿಂದಿನ ಮಣ್ಣು ಒಳಗಿಂದ ಬೆವರಿದಂತೆ ಒದ್ದೆಯಾಗಿತ್ತು, ಚಮಚದಿಂದ ಕೆರೆದು ತೆಗೆಯಬಹುದಾದಷ್ಟು ಮೆತ್ತಗಿತ್ತು. ನೆಲದಿಂದ ಏರಿದ ತೇವವೂ ಕೂದಲೆಳೆ ಬಿರುಕುಗಳಿಂದ ನುಗ್ಗಿದ ನೀರೂ ಹೊರಗೆ ಬರಲಾರದೆ ಅಲ್ಲೇ ಸಿಕ್ಕಿಕೊಂಡಿದ್ದವು. ಮಣ್ಣು ತೇವಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಿಮೆಂಟು ಅದರೊಂದಿಗೆ ಬಳುಕುವುದಿಲ್ಲ.

ಸಡಿಲವಾದ ಗಾರೆಯನ್ನು ಬೇಸಿಗೆಯ ಆರಂಭದಲ್ಲೇ ತೆಗೆಸಿ, ಗೋಡೆಯನ್ನು ಎರಡು ತಿಂಗಳು ಗಾಳಿಗೆ ಬಿಡಿ. ಆಮೇಲೆ ಜರಡಿ ಹಿಡಿದ ಕೆಂಪು ಮಣ್ಣು, ಮರಳು ಮತ್ತು ಚಿಕ್ಕದಾಗಿ ಕತ್ತರಿಸಿದ ಭತ್ತದ ಹುಲ್ಲನ್ನು ನೀರಿನಲ್ಲಿ ಕಲಸಿ ಒಂದೆರಡು ವಾರ ಹುಳಿಯಲು ಬಿಟ್ಟು, ತೆಳುವಾದ ಎರಡು ಪದರಗಳಲ್ಲಿ ಬಳಿಸಿ. ಅದು ಪೂರ್ತಿ ಒಣಗಿದ ಮೇಲೆ, ವಾರಗಟ್ಟಲೆ ನೀರಿನಲ್ಲಿ ನೆನೆಸಿ ಬೆಣ್ಣೆಯಂತಾದ ಸುಣ್ಣಕ್ಕೆ ಮರಳು ಬೆರೆಸಿದ ಗಾರೆಯನ್ನು ಹೊರಗಡೆಗೆ ಹಾಕಿಸಿ. ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಸುಣ್ಣ ಬಳಿಯುವ ಶ್ರಮ ಇದ್ದೇ ಇದೆ; ಆ ಶ್ರಮಕ್ಕೆ ಮನಸ್ಸಿಲ್ಲದವರಿಗೆ ಹಳೆಯ ಮಣ್ಣಿನ ಮನೆಯನ್ನು ಉಳಿಸಿಕೊಳ್ಳುವುದು ಕಷ್ಟ. ಗೋಡೆಯ ಬುಡದ ಸುತ್ತ ಅಂಗಳಕ್ಕೆ ಕಾಂಕ್ರೀಟು ಹಾಕಿಸಿದ್ದರೆ ಗೋಡೆಯಿಂದ ಎರಡಡಿಯವರೆಗೆ ಅದನ್ನು ಒಡೆಸಿ ಜಲ್ಲಿ ತುಂಬಿಸಿ.

ಪ್ರಶ್ನೆ: ನಿಜವಾಗಿ ಎಷ್ಟು ಉಳಿತಾಯವಾಗುತ್ತದೆ?
— ವ್ಯಾಪಾರಿಯೊಬ್ಬರು, ಗೋಣಿಕೊಪ್ಪಲು

ಉತ್ತರ: ರೂಪಾಯಿ ಲೆಕ್ಕ ಊರಿನಿಂದ ಊರಿಗೆ ಬದಲಾಗುವುದರಿಂದ ಸಾಮಗ್ರಿಯ ಲೆಕ್ಕ ಕೊಡುತ್ತೇನೆ. 230 ಮಿಲಿಮೀಟರ್ ಉದ್ದ, 190 ಅಗಲ, 100 ಎತ್ತರದ ಇಟ್ಟಿಗೆ ಒಣಗಿದಾಗ ಸುಮಾರು 8 ಕಿಲೋ ತೂಗುತ್ತದೆ. ನೂರಕ್ಕೆ 7ರಷ್ಟು ಸಿಮೆಂಟು ಹಾಕಿದರೆ ಒಂದು ಚೀಲದಿಂದ 85ರಿಂದ 90 ಇಟ್ಟಿಗೆಗಳಾಗುತ್ತವೆ. 190 ಮಿಲಿಮೀಟರ್ ದಪ್ಪದ ಗೋಡೆಗೆ ನೂರು ಚದರಡಿಗೆ ಸುಮಾರು 350 ಇಟ್ಟಿಗೆ ಬೇಕು. ಬಾಗಿಲು ಕಿಟಕಿ ಕಳೆದು 1500 ಚದರಡಿ ಗೋಡೆಯಿರುವ ಮನೆಗೆ 5250 ಇಟ್ಟಿಗೆ, ಅಂದರೆ ಇಟ್ಟಿಗೆಗಾಗಿ ಸುಮಾರು 60 ಚೀಲ ಸಿಮೆಂಟು. ಪಳಗಿದ ಐದಾರು ಜನ ಕೈಯಂತ್ರದಲ್ಲಿ ದಿನಕ್ಕೆ 400ರಿಂದ 500 ಒತ್ತಬಲ್ಲರು. ಇಷ್ಟೂ ಇಟ್ಟಿಗೆಯ ತೂಕ 42 ಟನ್. ಆ ತೂಕದ ಬಹುಪಾಲು ನಿಮ್ಮ ಜಾಗದಲ್ಲೇ ಸಿಗುತ್ತದೆ ಎಂಬಲ್ಲಿ ನಿಜವಾದ ಉಳಿತಾಯವಿದೆ. ಮೈಸೂರು ಕಡೆಯಿಂದ ಇಟ್ಟಿಗೆಯೋ ಕರಾವಳಿಯ ಕಡೆಯಿಂದ ಘಾಟಿ ಹತ್ತಿಸಿ ಕೆಂಪುಕಲ್ಲೋ ತರಿಸಿದರೆ ಬೆಲೆಯ ದೊಡ್ಡ ಪಾಲು ಲಾರಿ ಬಾಡಿಗೆಗೇ ಹೋಗುತ್ತದೆ.

ಆದರೆ ಗೋಡೆ ಇಡೀ ಮನೆಯ ಖರ್ಚಿನ ಒಂದು ಭಾಗ ಮಾತ್ರ. ಅದನ್ನು ಅಗ್ಗವಾಗಿ ಕಟ್ಟಿ, ಉಳಿದ ಹಣವನ್ನು ದುಬಾರಿ ಟೈಲ್ಸಿಗೂ ಗಾಜಿಗೂ ಸುರಿದು, ಮಣ್ಣಿನ ಮನೆ ಅಗ್ಗವೇನಲ್ಲ ಎನ್ನುವವರನ್ನು ನಾನು ಕಂಡಿದ್ದೇನೆ. ಒಳಗೋಡೆಗಳಿಗೆ ಗಾರೆ ಮಾಡಿಸದೆ ಸಂದುಗಳನ್ನು ಮಾತ್ರ ಅಚ್ಚುಕಟ್ಟಾಗಿ ತುಂಬಿಸಿ, ನೆಲಕ್ಕೆ ರೆಡ್ ಆಕ್ಸೈಡ್ ಹಾಕಿಸಿ, ಕೆಡವುತ್ತಿರುವ ಹಳೆಯ ಮನೆಗಳ ಮಂಗಳೂರು ಹೆಂಚನ್ನು ಕೊಳ್ಳಿ. ಹೆಂಚನ್ನು ಒಂದೊಂದಾಗಿ ಎತ್ತಿ ಗೆಣ್ಣಿನಿಂದ ತಟ್ಟಿದಾಗ ಗಂಟೆಯಂತೆ ಸದ್ದು ಬಂದದ್ದನ್ನು ಮಾತ್ರ ಆರಿಸಿಕೊಳ್ಳಬೇಕು.

ಪ್ರಶ್ನೆ: ಬಿದಿರು ಮತ್ತು ಸಿಲ್ವರ್ ಓಕನ್ನು ಮಾಡಿಗೆ ಬಳಸಬಹುದೇ? ಬಿದಿರು ಕಡಿಯಲು ಅನುಮತಿ ಬೇಕೇ?
— ಯುವಕರೊಬ್ಬರು, ಕುಶಾಲನಗರ

ಉತ್ತರ: ಕಾಡಿನ ಹೊರಗೆ ಬೆಳೆದ ಬಿದಿರನ್ನು 2017ರ ತಿದ್ದುಪಡಿಯಲ್ಲಿ ಭಾರತೀಯ ಅರಣ್ಯ ಕಾಯ್ದೆಯ ‘ಮರ’ ಎಂಬ ವ್ಯಾಖ್ಯೆಯಿಂದ ಕೈಬಿಡಲಾಗಿದೆ, ಕಾಡಿನ ಬಿದಿರಿಗೆ ಇದು ಅನ್ವಯಿಸುವುದಿಲ್ಲ. ತೋಟದ ಬಿದಿರು ಮತ್ತು ಮರ ಕಡಿಯುವ ಹಾಗೂ ಸಾಗಿಸುವ ನಿಯಮಗಳನ್ನು ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಏಕೆಂದರೆ ಕೊಡಗಿನಲ್ಲಿ ಜಮೀನಿನ ಬಗೆಗೆ ತಕ್ಕಂತೆ ಮರದ ಹಕ್ಕೂ ಬೇರೆಯಾಗುತ್ತದೆ.

ಎರಡಕ್ಕೂ ಕುಟ್ಟೆಹುಳುವೇ ಶತ್ರು. ಬಿದಿರಿನೊಳಗಿನ ಪಿಷ್ಟ ಅದರ ಆಹಾರ. ಮೂರು ವರ್ಷ ತುಂಬಿದ ಗಳುಗಳನ್ನು ಮಳೆಗಾಲ ಕಳೆದ ಮೇಲೆ ಕಡಿದು, ಗೆಣ್ಣುಗಳನ್ನು ಒಳಗಿನಿಂದ ಕಬ್ಬಿಣದ ಸರಳಿನಲ್ಲಿ ತೂತು ಮಾಡಿ, 100 ಲೀಟರ್ ನೀರಿಗೆ 3 ಕಿಲೋ ಬೊರ್ಯಾಕ್ಸ್ ಮತ್ತು 2 ಕಿಲೋ ಬೋರಿಕ್ ಆಮ್ಲ ಕರಗಿಸಿದ ತೊಟ್ಟಿಯಲ್ಲಿ ಎರಡು ವಾರ ಮುಳುಗಿಸಿ, ನೆರಳಿನಲ್ಲಿ ಒಣಗಿಸಿ. ಸಿಲ್ವರ್ ಓಕಿನ ಪಕಾಸುಗಳಿಗೂ ಇದೇ ಉಪಚಾರ ಸಾಕು. ಈ ಲವಣ ಮಳೆಯಲ್ಲಿ ತೊಳೆದುಹೋಗುತ್ತದೆಯಾದ್ದರಿಂದ ಬಿದಿರು ಮಾಡಿನ ಒಳಗೇ ಇರಲಿ. ಕಂಬವಾಗಿ ಬಳಸುವುದಾದರೆ ನೆಲಕ್ಕೆ ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿ. ಗೆದ್ದಲು ಏರಿದರೂ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ಕೆಲಸವನ್ನು ಯಾವ ತಿಂಗಳಲ್ಲಿ ಆರಂಭಿಸಬೇಕು?
— ಕಾಫಿ ಬೆಳೆಗಾರರೊಬ್ಬರು, ನಾಪೋಕ್ಲು

ಉತ್ತರ: ಅಕ್ಟೋಬರ್ ನಡುವೆ ಕಾವೇರಿ ಸಂಕ್ರಮಣ ಕಳೆದೊಡನೆ ಮಣ್ಣು ತೆಗೆದು ಜರಡಿ ಹಿಡಿಯಲು ಆರಂಭಿಸಿ. ನವೆಂಬರ್–ಡಿಸೆಂಬರಿನ ಪುತ್ತರಿ ಹಬ್ಬದ ಹೊತ್ತಿಗೆ ಇಟ್ಟಿಗೆ ಒತ್ತುವ ಕೆಲಸ ಮುಗಿದಿರಬೇಕು, ಏಕೆಂದರೆ ಅನಂತರ ಕಾಫಿ ಕೊಯ್ಲಿಗೆ ಜನರೆಲ್ಲ ಹೋಗುತ್ತಾರೆ, ಕಣವೂ ನಿಮಗೆ ಬಿಡುವಾಗಿ ಸಿಗುವುದಿಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಇಟ್ಟಿಗೆಗಳು ನೀರುಂಡು ಒಣಗುತ್ತಿರಲಿ. ಮೊದಲ ಮೂರು ವಾರ ಹುಲ್ಲು ಅಥವಾ ಗೋಣಿ ಹೊದಿಸಿ ದಿನಕ್ಕೆರಡು ಬಾರಿ ನೀರು ಚಿಮುಕಿಸಲು ಮನೆಯ ಒಬ್ಬರೇ ಸಾಕು. ಪಂಚಾಂಗದ ಕಲ್ಲು ಕೆಲಸವನ್ನೂ ಅದೇ ಸಮಯದಲ್ಲಿ ನಡೆಸಬಹುದು. ಕೊಯ್ಲು ಮುಗಿದ ಮೇಲೆ ಗೋಡೆ ಎಬ್ಬಿಸಿದರೆ ಮೇ ತಿಂಗಳೊಳಗೆ ಹೆಂಚು ಹೊದಿಸಲು ಸಾಧ್ಯ. ಮಧ್ಯದಲ್ಲಿ ಹೂಮಳೆ ಬರುತ್ತದೆ. ಕಾಫಿಗೆ ಅದಕ್ಕಾಗಿ ಕಾಯುವವರು ನೀವು, ಆದ್ದರಿಂದ ಆಕಾಶ ನೋಡುವುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ; ಅರ್ಧ ಎದ್ದ ಗೋಡೆಯ ತಲೆಗೆ ಹೊದಿಸುವಷ್ಟು ಟಾರ್ಪಾಲನ್ನು ಫೆಬ್ರುವರಿಯಲ್ಲೇ ತಂದಿಟ್ಟುಕೊಳ್ಳಿ.